ಪದ ಪರಿಚಯ: ಇನ್‌ಸ್ಟಾಲೇಶನ್ ಪಾತ್

'ಇನ್‌ಸ್ಟಾಲ್ ಆದ ಜಾಗಕ್ಕೆ ಹೋಗಿ, ಅಲ್ಲಿರುವ ಸೆಟ್ಟಿಂಗ್ಸ್ ಫೈಲ್ ತೆರೆಯಿರಿ.' ಸಾಫ್ಟ್‌ವೇರ್ ಕೈಪಿಡಿಗಳಲ್ಲಿ ಇಂಥ ಸಾಲು ಸುಮಾರು ಸಲ ಸಿಗುತ್ತದೆ. ಬರೆದವರಿಗೆ ಆ ಜಾಗ ಯಾವುದು ಅಂತ ಗೊತ್ತು. ಓದುವವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಕೈಪಿಡಿ ತೆರೆಯುತ್ತಲೇ ಇರಲಿಲ್ಲ, ಅಲ್ವಾ?

ಇನ್‌ಸ್ಟಾಲೇಶನ್ ಪಾತ್ ಅಂದರೆ ಒಂದು ಪ್ರೋಗ್ರಾಮಿನ ಫೈಲುಗಳು ಡಿಸ್ಕ್‌ನಲ್ಲಿ ಎಲ್ಲಿವೆ ಅನ್ನುವ ಪೂರ್ತಿ ವಿಳಾಸ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಸಿ ಡ್ರೈವ್‌ನ 'ಪ್ರೋಗ್ರಾಮ್ ಫೈಲ್ಸ್' ಫೋಲ್ಡರಿನೊಳಗೆ ಇರುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಮುಗಳಿಗೆ ಇನ್ನೊಂದು ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್ ಇದೆ. ಒಬ್ಬ ಬಳಕೆದಾರರಿಗೆ ಮಾತ್ರ ಇನ್‌ಸ್ಟಾಲ್ ಮಾಡಿದರೆ ಫೈಲುಗಳು ಅವರ 'ಆ್ಯಪ್‌ಡೇಟಾ' ಫೋಲ್ಡರಿಗೆ ಹೋಗಬಹುದು. ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಕಮಾಂಡ್ ಕೊಟ್ಟು ಪ್ರೋಗ್ರಾಮುಗಳನ್ನು ಇನ್‌ಸ್ಟಾಲ್ ಮಾಡುವ ಟೂಲ್) ಬಳಸುವವರಿಗೂ ಇದೇ ಗೊಂದಲ. ಇಂಟೆಲ್ ಚಿಪ್ ಇದ್ದರೆ ಒಂದು ಜಾಗ, ಆ್ಯಪಲ್ ಚಿಪ್ ಇದ್ದರೆ ಬೇರೆ ಜಾಗ. ಹೀಗಿರುವಾಗ ಸುಮ್ನೆ 'ಇನ್‌ಸ್ಟಾಲ್ ಆದ ಜಾಗ' ಅಂದರೆ ಏನೂ ಹೇಳಿದಂತಾಗಲಿಲ್ಲ.

ಇದಕ್ಕಿಂತ ಜಾಸ್ತಿ ತೊಂದರೆ ಕೊಡುವುದು 'ಪಾತ್' ಅನ್ನುವ ಪದವೇ. ಇದಕ್ಕೆ ಇನ್ನೊಂದು ಅರ್ಥವೂ ಇದೆ. ನೀವು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ಒಂದು ಕಮಾಂಡ್ ಹೆಸರು ಬರೆದಾಗ ಕಂಪ್ಯೂಟರ್ ಇಡೀ ಡಿಸ್ಕ್ ಹುಡುಕುವುದಿಲ್ಲ. ಒಂದು ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಮಾತ್ರ ಸಾಲಾಗಿ ನೋಡುತ್ತದೆ. ಆ ಪಟ್ಟಿಗೂ ಪಾತ್ ಅಂತಲೇ ಹೆಸರು. ಪ್ರೋಗ್ರಾಮ್ ಸರಿಯಾಗಿ ಇನ್‌ಸ್ಟಾಲ್ ಆಗಿದ್ದರೂ 'ಕಮಾಂಡ್ ಸಿಗಲಿಲ್ಲ' ಅನ್ನುವ ಸಂದೇಶ ಬರುವುದು ಹೆಚ್ಚಾಗಿ ಈ ಪಟ್ಟಿಯಲ್ಲಿ ಅದರ ಫೋಲ್ಡರ್ ಇಲ್ಲದಾಗ.

ಇಂಗ್ಲಿಷ್‌ನಲ್ಲಿ ಈ ಪಟ್ಟಿಯ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದು ವ್ಯತ್ಯಾಸ ತೋರಿಸುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ. ಹಾಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುವವರು ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟುಕೊಳ್ಳಲೇಬೇಕು. ನಾನು ಒಂದನ್ನು 'ಇನ್‌ಸ್ಟಾಲ್ ಫೋಲ್ಡರ್' ಅನ್ನುತ್ತೇನೆ, ಇನ್ನೊಂದನ್ನು 'ಪಾತ್ ಪಟ್ಟಿ' ಅನ್ನುತ್ತೇನೆ. ಒಂದು ಸಲ ಇಟ್ಟ ಹೆಸರನ್ನು ಕೊನೆಯವರೆಗೂ ಬದಲಿಸಬಾರದು. ಒಂದು ಕಡೆ ಫೋಲ್ಡರ್, ಇನ್ನೊಂದು ಕಡೆ ಡೈರೆಕ್ಟರಿ, ಮತ್ತೊಂದು ಕಡೆ ರೂಟ್ ಅಂತ ಬರೆದರೆ, ಇವು ಮೂರು ಬೇರೆ ಜಾಗಗಳೇನೋ ಅಂತ ಓದುವವರು ಅಂದುಕೊಳ್ಳುತ್ತಾರೆ.

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹೊರಟ ಎಷ್ಟೋ ಜನ ಮೊದಲ ದಿನವೇ ಇಂಥದ್ದರಲ್ಲಿ ಸಿಕ್ಕಿಬೀಳುತ್ತಾರೆ. 'ಜಾವಾ ಹೋಮ್ ಅನ್ನುವ ವೇರಿಯಬಲ್‌ಗೆ ಜಾವಾ ಇರುವ ಜಾಗ ಕೊಡಿ' ಅಂತ ಕೈಪಿಡಿ ಹೇಳುತ್ತದೆ. ವೇರಿಯಬಲ್ ಅಂದರೆ ಟೂಲುಗಳು ಓದಿಕೊಳ್ಳಲಿ ಅಂತ ಕಂಪ್ಯೂಟರಿನಲ್ಲಿ ಒಂದು ಹೆಸರು ಕೊಟ್ಟು ಇಡುವ ಮಾಹಿತಿ. ಜಾವಾ ಕಮಾಂಡ್ ನಿಜಕ್ಕೂ ಇರುವುದು 'ಬಿನ್' ಅನ್ನುವ ಒಳ ಫೋಲ್ಡರಿನಲ್ಲಿ. ಓದಿದವರು ಅದನ್ನೇ ಕೊಡುತ್ತಾರೆ. ಮಾತಿನ ಪ್ರಕಾರ ಅವರು ಮಾಡಿದ್ದು ಸರಿ. ಆದರೆ ಆ ವೇರಿಯಬಲ್ ಬಳಸುವ ಟೂಲುಗಳು ತಾವೇ ಕೊನೆಗೆ ಬಿನ್ ಸೇರಿಸಿಕೊಂಡು ಹುಡುಕುತ್ತವೆ. ಬಿನ್ ಒಳಗೆ ಇನ್ನೊಂದು ಬಿನ್ ಎಲ್ಲಿಂದ ಬರಬೇಕು? ಇದರಿಂದ ನನ್ನ ಒಂದು ಸಂಜೆ ಪೂರ್ತಿ ಹೋಗಿತ್ತು. 'ಬಿನ್ ಫೋಲ್ಡರಿನ ಹೊರಗಿನ ಫೋಲ್ಡರ್ ಕೊಡಿ' ಅಂತ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು.

ವಿಳಾಸ ಹೇಳುವುದರ ಜೊತೆಗೆ ಅದನ್ನು ಪರೀಕ್ಷಿಸುವ ದಾರಿಯನ್ನೂ ಹೇಳಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ವಿಚ್' (which), ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೇರ್' (where) ಅನ್ನುವ ಕಮಾಂಡ್ ಇದೆ. ಪ್ರೋಗ್ರಾಮಿನ ಹೆಸರು ಕೊಟ್ಟರೆ ಪಾತ್ ಪಟ್ಟಿಯಲ್ಲಿ ಅದು ಸಿಕ್ಕ ಜಾಗ ತೋರಿಸುತ್ತವೆ. ಲಿನಕ್ಸ್‌ನಲ್ಲಿ ಸ್ವಲ್ಪ ಹುಷಾರು: ಸಿಕ್ಕಿದ್ದು ಬೇರೆ ಫೈಲಿನತ್ತ ತೋರಿಸುವ ಬರೀ ಕೊಂಡಿಯಾಗಿದ್ದು, ನಿಜವಾದ ಫೈಲ್ ಬೇರೆಲ್ಲೋ ಇರಬಹುದು. 'ಪ್ರೋಗ್ರಾಮ್ ಫೈಲ್ಸ್' ಹೆಸರಿನ ನಡುವೆ ಖಾಲಿ ಜಾಗ ಇರುವುದರಿಂದ, ಕಮಾಂಡ್‌ನಲ್ಲಿ ಆ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು ಅನ್ನುವುದನ್ನೂ ಕೈಪಿಡಿಯೇ ಹೇಳಬೇಕು.

ಮೊದಲು ಹೇಳಿದ ಸಾಲನ್ನು ನಾನಾದರೆ ಹೀಗೆ ಬರೆಯುತ್ತೇನೆ: 'ಇನ್‌ಸ್ಟಾಲ್ ಫೋಲ್ಡರ್ ತೆರೆಯಿರಿ. ಇನ್‌ಸ್ಟಾಲ್ ಮಾಡುವಾಗ ನೀವು ಜಾಗ ಬದಲಿಸದಿದ್ದರೆ, ವಿಂಡೋಸ್‌ನಲ್ಲಿ ಅದು ಪ್ರೋಗ್ರಾಮ್ ಫೈಲ್ಸ್ ಒಳಗೆ ಈ ಪ್ರೋಗ್ರಾಮಿನ ಹೆಸರಿನಲ್ಲೇ ಇರುತ್ತದೆ. ಒಳಗೆ ಬಿನ್ ಮತ್ತು ಕಾನ್ಫ್ ಅನ್ನುವ ಎರಡು ಫೋಲ್ಡರ್ ಕಾಣಿಸಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಸೆಟ್ಟಿಂಗ್ಸ್ ಫೈಲ್ ಕಾನ್ಫ್ ಒಳಗಿದೆ.'