ಕ್ಲಾರ್ಕ್ ಕೆರ್: ಎರಡೂ ಕಡೆಯಿಂದ ಏಟು ತಿಂದ ಅಧ್ಯಕ್ಷ

ಅಮೆರಿಕದ ಉನ್ನತ ಶಿಕ್ಷಣದ ಬಗ್ಗೆ ಓದುವಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಹೆಸರು ಬಂದೇ ಬರುತ್ತದೆ. ಅಷ್ಟು ದೊಡ್ಡ ಕೆಲಸ ಮಾಡಿದವರನ್ನು ಕುರ್ಚಿಯಿಂದ ಇಳಿಸಿದ್ದು ಯಾಕೆ? ಇದನ್ನು ಕೇಳಿಕೊಂಡು ಓದಿದರೆ ಇಸವಿಗಳು ತಾವಾಗಿಯೇ ನೆನಪಲ್ಲಿ ಉಳಿಯುತ್ತವೆ.

ಹುಟ್ಟಿದ್ದು 1911ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. 1939ರಲ್ಲಿ ಆ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮಾಲೀಕರು, ಕಾರ್ಮಿಕರ ನಡುವೆ ರಾಜಿ ಮಾಡಿಸುವುದರಲ್ಲಿ ಪಳಗಿದವರು. 1952ರಲ್ಲಿ ಬರ್ಕ್ಲಿಯ ಮೊದಲ ಚಾನ್ಸೆಲರ್ ಆದರು. (ಅಲ್ಲಿ ಚಾನ್ಸೆಲರ್ ಎಂದರೆ ಒಂದು ಕ್ಯಾಂಪಸ್ಸಿನ ಮುಖ್ಯಸ್ಥ, ರಾಜ್ಯಪಾಲರಲ್ಲ!) ಚಾನ್ಸೆಲರ್‌ಗೆ ತಲೆನೋವು ಮೂರೇ ಅಂತ ತಮಾಷೆ ಮಾಡುತ್ತಿದ್ದರು: ವಿದ್ಯಾರ್ಥಿಗಳಿಗೆ ಸೆಕ್ಸ್, ಹಳೆ ವಿದ್ಯಾರ್ಥಿಗಳಿಗೆ ಆಟೋಟ, ಮೇಷ್ಟ್ರುಗಳಿಗೆ ಪಾರ್ಕಿಂಗ್. 1958ರಲ್ಲಿ ಇಡೀ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ಅವರ ಮುಖ್ಯ ಕೆಲಸ 1960ರ ಮಾಸ್ಟರ್ ಪ್ಲಾನ್, ಅಂದರೆ ಕ್ಯಾಲಿಫೋರ್ನಿಯಾದ ಉನ್ನತ ಶಿಕ್ಷಣದ ಯೋಜನೆ. ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಮಕ್ಕಳು ಕಾಲೇಜಿಗೆ ಬರುವ ಹೊತ್ತು. ಎಲ್ಲರಿಗೂ ಸೀಟು ಎಲ್ಲಿಂದ ತರುವುದು? ಹೈಸ್ಕೂಲಿನಲ್ಲಿ ಮೇಲಿನ ಎಂಟನೇ ಒಂದು ಭಾಗದವರಿಗೆ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಭಾಗದವರಿಗೆ ರಾಜ್ಯ ಕಾಲೇಜು. ಉಳಿದವರಿಗೆ ಎರಡು ವರ್ಷದ ಕಾಲೇಜು. ಅಲ್ಲಿ ಚೆನ್ನಾಗಿ ಓದಿದವರು ಮೇಲಕ್ಕೆ ದಾಟಬಹುದು. ಜಾಣತನ ಇರುವುದು ಈ ದಾಟುವ ದಾರಿಯಲ್ಲೇ. ಅದಿಲ್ಲದಿದ್ದರೆ ಇದು ಬರೀ ಮೇಲು ಕೀಳಿನ ಪಟ್ಟಿ ಆಗಿಬಿಡುತ್ತಿತ್ತು, ಅಲ್ವಾ?

1964ರಲ್ಲಿ ಗಾಳಿ ತಿರುಗಿತು. ಕ್ಯಾಂಪಸ್ ಬಾಗಿಲ ಬಳಿ ಮೇಜು ಹಾಕಿ ರಾಜಕೀಯ ಪ್ರಚಾರ ಮಾಡುವುದನ್ನು ಬರ್ಕ್ಲಿ ಆಡಳಿತ ನಿಷೇಧಿಸಿತು. ಅಕ್ಟೋಬರ್‌ನಲ್ಲಿ ಒಬ್ಬನನ್ನು ಬಂಧಿಸಿದಾಗ ವಿದ್ಯಾರ್ಥಿಗಳು ಪೊಲೀಸ್ ಕಾರನ್ನು 32 ಗಂಟೆ ಸುತ್ತುವರಿದು ಕೂತರು. ಕೆರ್ ಹಳೆಯ ಅಭ್ಯಾಸದಂತೆ ಮಾತುಕತೆಗೆ ಕೂತು ಒಪ್ಪಂದ ಮಾಡಿಕೊಂಡರು. ಅದು ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಬರ್ಕ್ಲಿಯ ಆಡಳಿತ ಕಟ್ಟಡ ಸ್ಪ್ರೌಲ್ ಹಾಲ್‌ನಲ್ಲಿ ಧರಣಿ ನಡೆದು ಸುಮಾರು 800 ಜನರ ಬಂಧನವಾಯಿತು. ಸಂಬಳದ ಜಗಳದಲ್ಲಿ ಅರ್ಧ ಬಿಟ್ಟು ಅರ್ಧ ಪಡೆಯಬಹುದು. ಮಾತಾಡುವ ಹಕ್ಕಿನಲ್ಲಿ ಅರ್ಧ ಬಿಡಲು ವಿದ್ಯಾರ್ಥಿಗಳು ತಯಾರಿರಲಿಲ್ಲ. ಕೆರ್ ಎಡವಿದ್ದು ಇಲ್ಲೇ ಅಂತ ನನಗನಿಸುತ್ತದೆ.

ವಿದ್ಯಾರ್ಥಿಗಳ ಕಣ್ಣಿಗೆ ಅವರು ಕಾರ್ಖಾನೆಯ ಮ್ಯಾನೇಜರ್. ಬಲಪಂಥೀಯರ ಕಣ್ಣಿಗೆ ಬಿಗಿ ಇಲ್ಲದ ಮೆತ್ತನೆ ಮನುಷ್ಯ. ಅವರ ವಿರುದ್ಧ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಗುಟ್ಟಾಗಿ ಕೆಲಸ ಮಾಡಿದ್ದು ಎಷ್ಟೋ ವರ್ಷಗಳ ಮೇಲೆ ಬಯಲಾಯಿತು. 1966ರಲ್ಲಿ ರೊನಾಲ್ಡ್ ರೇಗನ್ 'ಬರ್ಕ್ಲಿಯ ಗಲಾಟೆ'ಯನ್ನೇ ಚುನಾವಣೆಯ ವಿಷಯ ಮಾಡಿಕೊಂಡು ಗವರ್ನರ್ ಆದರು. 1967ರ ಜನವರಿ 20ರಂದು ಆಡಳಿತ ಮಂಡಳಿ ಕೆರ್ ಅವರನ್ನು ವಜಾ ಮಾಡಿತು.

ಆಮೇಲೆ ಅವರು ಉನ್ನತ ಶಿಕ್ಷಣದ ಕಾರ್ನೆಗಿ ಆಯೋಗದ ನೇತೃತ್ವ ವಹಿಸಿದರು. ನೆರವನ್ನು ಕಾಲೇಜಿಗಲ್ಲ, ಬಡ ವಿದ್ಯಾರ್ಥಿಗೇ ಕೊಡಿ ಎಂದು ಆಯೋಗ ವಾದಿಸಿತು. 1972ರ ಕಾನೂನು ಆ ದಾರಿಯನ್ನೇ ಹಿಡಿಯಿತು. ಬಡ ವಿದ್ಯಾರ್ಥಿಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಇಂದಿನ ಪೆಲ್ ಗ್ರಾಂಟ್ ಶುರುವಾದದ್ದು ಅಲ್ಲಿಂದ.