ಇವು ಯಾರು ಎಣಿಸಿದ ಕುದುರೆಗಳು?

ಒಂದೇ ಎಂಜಿನ್‌ನ ಶಕ್ತಿಯನ್ನು ಒಬ್ಬರು 100 ಪಿಎಸ್ ಅಂತಾರೆ, ಇನ್ನೊಬ್ಬರು 98.6 ಬಿಎಚ್‌ಪಿ, ಮತ್ತೊಬ್ಬರು 73.5 ಕಿಲೋವ್ಯಾಟ್. ಮೂರೂ ಸರಿಯೇ. ಈ ಗೊಂದಲದ ಬೇರು ಕಾರಿಗಿಂತ ಹಳೆಯದು, ಅದೂ ಒಂದು ವ್ಯಾಪಾರದ ಲೆಕ್ಕ.

1780ರ ದಶಕದಲ್ಲಿ ಜೇಮ್ಸ್ ವ್ಯಾಟ್ ಉಗಿ ಎಂಜಿನ್ ಮಾರುತ್ತಿದ್ದ. ಗಣಿಗಳಲ್ಲಿ ಹಳೆಯ ಉಗಿಯಂತ್ರಗಳಿದ್ದವು. ಎಷ್ಟು ಕಲ್ಲಿದ್ದಲು ಉಳಿಯಿತು ಅಂತ ನೋಡಿ ದುಡ್ಡು ಕೇಳಬಹುದಿತ್ತು. ಗಿರಣಿಗಳಲ್ಲಿ ಇದ್ದದ್ದು ಕುದುರೆ. ಅವರಿಗೆ ಕುದುರೆಯ ಲೆಕ್ಕದಲ್ಲೇ ಹೇಳಬೇಕಲ್ವಾ? ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತಿದರೆ ಒಂದು ಎಚ್‌ಪಿ, ಅಂದರೆ ಹಾರ್ಸ್‌ಪವರ್ ಎಂದ. ಬಿಎಚ್‌ಪಿಯಲ್ಲಿರುವುದೂ ಇದೇ ಕುದುರೆ. ದಿನವಿಡೀ ಅಷ್ಟು ದುಡಿಯುವ ಕುದುರೆ ಸಿಗುವುದು ಕಷ್ಟ, ಆ ಮಾತು ಬೇರೆ. ಆಮೇಲೆ ಯುರೋಪಿನವರು ಸೆಕೆಂಡಿಗೆ 75 ಕೆಜಿಯನ್ನು ಒಂದು ಮೀಟರ್ ಎತ್ತುವುದಕ್ಕೆ ಪಿಎಸ್ ಎಂದರು. ಅದು ಸ್ವಲ್ಪ ಚಿಕ್ಕ ಕುದುರೆ.

ಸರ್ಕಾರಗಳೂ ಸುಮ್ನೆ ಕೂರಲಿಲ್ಲ. ಬ್ರಿಟನ್ನಿನಲ್ಲಿ ತೆರಿಗೆಗಾಗಿ ಎಚ್‌ಪಿ ಲೆಕ್ಕ ಹಾಕುವಾಗ ಸಿಲಿಂಡರ್ ಎಷ್ಟಿವೆ, ಎಷ್ಟು ಅಗಲ ಅಂತ ಮಾತ್ರ ನೋಡುತ್ತಿದ್ದರು, ಉದ್ದ ನೋಡುತ್ತಿರಲಿಲ್ಲ. ಕಂಪನಿಗಳು ಸಣಕಲು, ಉದ್ದನೆಯ ಸಿಲಿಂಡರ್ ಮಾಡತೊಡಗಿದವು! ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಹೆಸರಿನಲ್ಲಿರುವ 2 ಕೂಡ ತೆರಿಗೆಯ ಕುದುರೆಗಳೇ. 1948ರ ಆ ಕಾರಿನ ನಿಜವಾದ ಶಕ್ತಿ ಸುಮಾರು 9 ಎಚ್‌ಪಿ.

ನನ್ನ ಪ್ರಕಾರ ಎಲ್ಲಕ್ಕಿಂತ ಜಾಣತನದ ಲೆಕ್ಕ ಅಮೆರಿಕದ್ದು. ಅಲ್ಲಿ 1971ರವರೆಗೆ ಸಾಮಾನ್ಯವಾಗಿ ‘ಗ್ರಾಸ್’ ಎಚ್‌ಪಿ ಬರೆಯುತ್ತಿದ್ದರು. ಎಂಜಿನ್ ಅನ್ನು ಹೊರಗೆ ತೆಗೆದು ಸ್ಟ್ಯಾಂಡ್ ಮೇಲೆ ಕೂರಿಸೋದು. ಏರ್ ಫಿಲ್ಟರ್ ಇಲ್ಲ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಿರುಗಿಸುವ ಹೊರೆ ಇಲ್ಲ, ಕಾರಿನ ಸೈಲೆನ್ಸರ್ ಇಲ್ಲ. ಹಾಗೆ ಓಡಿಸಿದರೆ ಅಂಕಿ ಏರದೆ ಇರುತ್ತಾ? 1972ರಿಂದ ಇವೆಲ್ಲ ಜೋಡಿಸಿಯೇ ಅಳೆಯುವ ‘ನೆಟ್’ ಲೆಕ್ಕ ಬಂತು. ಕ್ಯಾಡಿಲಾಕ್‌ನ 8.2 ಲೀಟರ್ ಎಂಜಿನ್ 365ರಿಂದ 235ಕ್ಕೆ ಇಳಿಯಿತು. 2005ರಲ್ಲಿ ಅಳತೆಯ ನಿಯಮ ಇನ್ನಷ್ಟು ಬಿಗಿಯಾದಾಗ ಟೊಯೊಟಾ ಕ್ಯಾಮ್ರಿಯ 3 ಲೀಟರ್ ವಿ6 ಎಂಜಿನ್ 210ರಿಂದ 190 ಆಯಿತು. ಎಂಜಿನ್ ಮಾತ್ರ ಅದೇ.

ಇನ್ನು ಟಾರ್ಕ್. ಕ್ರ್ಯಾಂಕ್ ಶಾಫ್ಟನ್ನು, ಅಂದರೆ ತನ್ನೊಳಗೆ ತಿರುಗುವ ಮುಖ್ಯ ದಂಡವನ್ನು, ಎಂಜಿನ್ ಎಷ್ಟು ಬಲವಾಗಿ ತಿರುಗಿಸುತ್ತದೆ ಅನ್ನುವುದು ಟಾರ್ಕ್. ಆ ಬಲದಲ್ಲಿ ಎಷ್ಟು ವೇಗವಾಗಿ ತಿರುಗಿಸುತ್ತದೆ ಅನ್ನುವುದೂ ಸೇರಿದರೆ ಪವರ್. ಟಾರ್ಕ್ ಅಳೆಯುವ ಎನ್‌ಎಂ (ನ್ಯೂಟನ್ ಮೀಟರ್) ಅನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ 7,024ರಿಂದ ಭಾಗಿಸಿ, ಪಿಎಸ್ ಸಿಗುತ್ತದೆ. ಹಾಗಾಗಿ ‘ಎಚ್‌ಪಿ ಮುಖ್ಯವೋ ಟಾರ್ಕ್ ಮುಖ್ಯವೋ’ ಅನ್ನುವ ಜಗಳಕ್ಕೆ ಅರ್ಥ ಇಲ್ಲ.

115 ಪಿಎಸ್‌ನ ಎರಡು ಎಂಜಿನ್ ಇವೆ ಅಂದುಕೊಳ್ಳಿ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಡೀಸೆಲ್ 2,000 ಆರ್‌ಪಿಎಂನಲ್ಲೇ 250 ಎನ್‌ಎಂ ಕೊಡುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಅಲ್ಲಿ 130 ಎನ್‌ಎಂ ಕೊಡುತ್ತದೆ. ಗುಣಿಸಿ ನೋಡಿ: ಆ ಹೊತ್ತಿಗೆ ಡೀಸೆಲ್ ಕೈಯಲ್ಲಿ 71 ಪಿಎಸ್, ಪೆಟ್ರೋಲ್ ಕೈಯಲ್ಲಿ 37. ಟ್ರಾಫಿಕ್‌ನಲ್ಲಿ ಡೀಸೆಲ್‌ಗೆ ಪಿಕಪ್ ಜಾಸ್ತಿ ಅನ್ನಿಸುವುದು ಇದಕ್ಕೇ. ಗೇರ್ ಇಳಿಸಿದರೆ ಪೆಟ್ರೋಲ್ ಎಂಜಿನ್ನೂ ಬೇಗ ತಿರುಗಿ ಬಾಕಿ ಪವರ್ ಹೊರಗೆ ತರುತ್ತದೆ. ಆದರೆ ಪೂರ್ತಿ 115 ಪಿಎಸ್ ಬೇಕೆಂದರೆ ಅದನ್ನು ಸುಮಾರು 6,000 ಆರ್‌ಪಿಎಂವರೆಗೆ ಏರಿಸಬೇಕು. ಕಂಪನಿ ಕೊಡುವ ಪಿಎಸ್ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿರುವ ಆರ್‌ಪಿಎಂ ಹೇಳುವುದು ಇದನ್ನೇ.