ಹೋದ ವರ್ಷ ತೂಕ ಎಷ್ಟಿತ್ತು?

ವಾಣಿವಿಲಾಸ ಸಾಗರದಲ್ಲಿ ನೀರು ನೂರು ಅಡಿ ಇದೆ ಅಂದರೆ ನಮ್ಮ ಚಿತ್ರದುರ್ಗದವರು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. "ಹೋದ ವರ್ಷ ಎಷ್ಟಿತ್ತು?" ಅಂತ ಕೇಳೇ ಕೇಳುತ್ತಾರೆ. ಈ ಅಣೆಕಟ್ಟಿಗೆ ನಮ್ಮ ಕಡೆ ಮಾರಿಕಣಿವೆ ಅಂತಲೂ ಹೆಸರು; 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ 89 ವರ್ಷದ ಲೆಕ್ಕ ಹಿರಿಯೂರಿನ ತೋಟದವರಿಗೆ ಬಾಯಿಪಾಠ. ಮನುಷ್ಯರ ಮೈ ವಿಷಯದಲ್ಲಿ ಮಾತ್ರ ನಾವು ಈ ಪ್ರಶ್ನೆ ಕೇಳುವುದೇ ಇಲ್ಲ.

ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಮೊದಲು ದಪ್ಪಗಿದ್ದಳು. ಆರೇಳು ತಿಂಗಳಲ್ಲಿ ಇಳಿದುಹೋದಳು. ಮದುವೆಮನೆಯಲ್ಲಿ ಕಂಡವರೆಲ್ಲ "ಎಷ್ಟು ಚೆಂದ ಸಣ್ಣಗಾಗಿದ್ದೀಯಲ್ಲೇ" ಅಂದರು. ನಾನು ಅವಳ ಎದುರಿನ ಸಾಲಿನಲ್ಲಿ ಕೂತಿದ್ದೆ. ಹೋಳಿಗೆಯನ್ನು ಚೂರು ಚೂರು ಮಾಡಿ ಎಲೆಯ ಅಂಚಿಗೆ ಸರಿಸುತ್ತಿದ್ದಳು. ಫೋನಿನ ತುಂಬ ಅಡುಗೆ ವಿಡಿಯೊ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮಂಡಕ್ಕಿ ಡಬ್ಬ ಖಾಲಿಯಾಗುತ್ತಿತ್ತಂತೆ. ಅಜ್ಜಿ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ನಿವಾಳಿಸಿದರು. ಒಬ್ಬ ಡಾಕ್ಟರು ಎತ್ತರ-ತೂಕದ ಚಾರ್ಟ್ ನೋಡಿ "ನಾರ್ಮಲ್" ಅಂದರು. ನನಗೆ ಜಾಸ್ತಿ ಸಂಕಟವಾದದ್ದು ಆ ಮಾತಿಗೆ.

ದೊಡ್ಡವರಾದ ಮೇಲೆ ಮುಟ್ಟಿದ ಅತಿ ಹೆಚ್ಚಿನ ತೂಕದಿಂದ ಇವತ್ತಿನ ತೂಕ ಕಳೆಯಿರಿ. ಉಳಿದದ್ದಕ್ಕೆ 'ವೇಯ್ಟ್ ಸಪ್ರೆಶನ್' ಅನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಲೋ ಇದರ ಬೆನ್ನು ಹತ್ತಿ ಬಹಳ ವರ್ಷ ಕೆಲಸ ಮಾಡಿದವರು. ಬುಲಿಮಿಯಾ, ಅಂದರೆ ತಡೆಯಲಾಗದೆ ತಿಂದು ಆಮೇಲೆ ಅದನ್ನು ಹೊರಹಾಕಲು ಒದ್ದಾಡುವ ಕಾಯಿಲೆ, ಇರುವವರಲ್ಲಿ ಈ ಅಂತರ ದೊಡ್ಡದಾದಷ್ಟೂ ಲಕ್ಷಣಗಳು ಜೋರಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎಲ್ಲ ಅಧ್ಯಯನಗಳಲ್ಲೂ ಅಲ್ಲ. ತೂಕ ಇಳಿಸಿದವರಿಗೆಲ್ಲ ಕಾಯಿಲೆ ಬರುತ್ತದೆ ಅಂತಲೂ ಅಲ್ಲ.

ಯಾಕೆ ಹೀಗೆ? ನಮ್ಮ ಕೋಟೆಯನ್ನೇ ನೆನೆಸಿಕೊಳ್ಳಿ. ಹೈದರಾಲಿ ಮುತ್ತಿಗೆ ಹಾಕಿದಾಗ ಒಳಗಿದ್ದವರ ಕಣ್ಣು ಎಲ್ಲಿರುತ್ತದೆ? ಕಣಜದ ಮೇಲೆ ಅಲ್ವಾ? ಮೈಯ ಕಣಜ ಅಂದರೆ ಕೊಬ್ಬು. ಅಲ್ಲಿಂದ ಮೆದುಳಿಗೆ ಸುದ್ದಿ ಒಯ್ಯುವ ಓಲೆಕಾರ ಲೆಪ್ಟಿನ್ ಅನ್ನುವ ಹಾರ್ಮೋನು, 1994ರಲ್ಲಿ ಪತ್ತೆಯಾದದ್ದು. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ಮೆದುಳು ಗಾಬರಿಯಾಗುತ್ತದೆ. ನೀವು ಬೇಕಂತಲೇ ಊಟ ಬಿಟ್ಟಿರೋ, ಬರಗಾಲ ಬಂದಿದೆಯೋ, ಅದಕ್ಕೆ ಎರಡೂ ಒಂದೇ. ತೂಬು ಇಳಿಸಿದ ಹಾಗೆ ಖರ್ಚು ಇಳಿಸುತ್ತದೆ. ನಾಡಿ ನಿಧಾನವಾಗುತ್ತದೆ, ಕೈ ತಣ್ಣಗಾಗುತ್ತದೆ, ಮುಟ್ಟು ನಿಲ್ಲಬಹುದು. ಇನ್ನೊಂದು ಕಡೆ, ಮನಸ್ಸನ್ನು ಹಗಲೂ ರಾತ್ರಿ ಅನ್ನದ ಕಡೆಗೇ ಎಳೆಯುತ್ತದೆ.

1944–45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಅವರೇ ಒಪ್ಪಿ ಬಂದವರು. ಹೆಚ್ಚುಕಮ್ಮಿ ಕಾಲು ಭಾಗ ತೂಕ ಇಳಿಯಿತು. ತೆಳ್ಳಗಾಗುವ ಆಸೆ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಊಟ ಮತ್ತೆ ಸಿಕ್ಕ ಮೇಲೆ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ಆ ಹುಡುಗಿಯ ಅಡುಗೆ ವಿಡಿಯೊ, ಮಂಡಕ್ಕಿ ಡಬ್ಬ, ಎರಡೂ ಇಲ್ಲಿವೆ ನೋಡಿ. ಇದನ್ನು ಸೊಕ್ಕು, ಗಾಳಿ, ದೃಷ್ಟಿ ಅಂತ ಅನ್ನಬೇಡಿ, ದಯವಿಟ್ಟು.

ಚಾರ್ಟ್ ಪ್ರಕಾರ ಸರಿಯಾದ ತೂಕವೇ ಇದ್ದರೂ, ಬಹಳ ತೂಕ ಕಳೆದುಕೊಂಡು ಅನೊರೆಕ್ಸಿಯಾದ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಸೊರಗುವ ಕಾಯಿಲೆಯ, ಉಳಿದ ಲಕ್ಷಣಗಳಿದ್ದರೆ ಅದೂ ಕಾಯಿಲೆಯೇ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದಕ್ಕೆ 'ಎಟಿಪಿಕಲ್ ಅನೊರೆಕ್ಸಿಯಾ' ಅಂತ ಹೆಸರು ಕೊಟ್ಟಿತು.

ಎರಡನೇ ಡಾಕ್ಟರು ಚಾರ್ಟ್ ತೆಗೆಯುವ ಮೊದಲು ತಾಯಿಯನ್ನು ಕೇಳಿದರು: "ಮೊದಲು ಎಷ್ಟು ತೂಕ ಇದ್ದಳಮ್ಮಾ?" ತಾಯಿಗೆ ಕೆಜಿ ಲೆಕ್ಕ ನೆನಪಿರಲಿಲ್ಲ. ಮಗಳ ರವಿಕೆಯ ಪಕ್ಕದ ಅಂಚನ್ನು ಮೆಲ್ಲಗೆ ಮಡಚಿ ತೋರಿಸಿದರು. ಒಳಗೆ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ. "ಯುಗಾದಿಯಿಂದ ಈಚೆಗೆ ಮೂರು ಸಲ ಹಿಡಿಸಿದ್ದೀನಿ ಸಾರ್." ಡಾಕ್ಟರು ಹುಡುಗಿಯ ಕೈ ಹಿಡಿದು ನಾಡಿ ಎಣಿಸತೊಡಗಿದರು.